ಬಿ.ಕಾಂ.ಗೆ ಯಾಕೆ ಗ್ರಾಫಿಕ್ಸ್ ಕಾರ್ಡು?

ನನಗೆ ಮರೆವು ಹತ್ತಿದೆ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಲ್ಲು ಕಿರಿಯುವ ಗೊಂಬೆ ಹಾಕಿದವರೇ, ಬಾಯಿ ಮುಚ್ಚಿಕೊಂಡು ಕೇಳಿ. ಅವತ್ತು ಮಂಗಳವಾರ. ಹಾಸನದ ಆ ಕಂಪ್ಯೂಟರ್ ಅಂಗಡಿ ಮಹಡಿಯ ಮೇಲಿತ್ತು, ಮೆಟ್ಟಿಲು ಇಪ್ಪತ್ತೆರಡು. ಹೋಗಿ ಎಣಿಸಿಕೊಂಡು ಬನ್ನಿ, ಆಮೇಲೆ ನನ್ನ ತಲೆಯ ಬಗ್ಗೆ ಮಾತಾಡಿ.

ಆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತವನು ಬಾಗೂರಿನ ಗಂಗಾಧರಯ್ಯ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಅಂತ ಮೂವತ್ತೊಂದು ವರ್ಷ ಕೆಂಪು ಬಸ್ಸು ಓಡಿಸಿ ಹೋದ ವರ್ಷ ರಿಟೈರಾದವನು. ಕಂಪ್ಯೂಟರ್ ಮೊಮ್ಮಗಳು ಯಶಸ್ವಿನಿಯ ಓದಿಗೆ ಎಂದು ಮನೆಯಲ್ಲಿ ಹೇಳಿದ್ದ. ಹಸಿ ಸುಳ್ಳು. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದಿದೆಯಲ್ಲ, ಅದನ್ನು ಕಂಡಾಗಿನಿಂದ ಅವನಿಗೆ ಅದೇ ಧ್ಯಾನ. ಆದರೆ ಅರವತ್ತೊಂದು ವರ್ಷದ ಗಂಡಸು ಹೆಂಡತಿಯ ಮುಂದೆ ನಿಂತು ಆಟದ ಸಾಮಾನು ಕೊಡಿಸು ಎಂದು ಹೇಗೆ ಕೇಳುತ್ತಾನೆ? ಆ ಹೆಂಡತಿ ಅನಸೂಯಮ್ಮ, ದುಡ್ಡಿನ ಬ್ಯಾಗು ಕಂಕುಳಲ್ಲಿ ಅವುಚಿಕೊಂಡು, ನಾನೂ ಬತ್ತೀನಿ ಎಂದು ಹಿಂದೆಯೇ ಹೊರಟು ಬಂದದ್ದು ಅವನ ಗ್ರಹಚಾರ.

ಅಂಗಡಿಯ ಕಿರಣ್‌ಕುಮಾರ್ ಮೊದಲು ಕಂಪ್ಯೂಟರಿನ ಗಾಜಿನ ಕ್ಯಾಬಿನೆಟ್ ತೋರಿಸಿದ. ಒಳಗೆ ಬಣ್ಣಬಣ್ಣದ ದೀಪ ಗಿರಗಿರ ತಿರುಗುತ್ತಿತ್ತು.

"ಇದೇನ್ಲಾ, ಟೂರಿಸ್ಟ್ ಬಸ್ ಇದ್ದಂಗೈತೆ?" ಎಂದ ಗಂಗಾಧರಯ್ಯ. "ಬಾಡಿ ತಗಡಾದ್ರೂ ಆಯ್ತದೆ, ಗಾಳಿ ಆಡ್ಬೇಕು. ಮುಂದ್ಗಡೆ ಜಾಲರಿ ಇರೋದು ಕೊಡು. ಪವರ್ ಸಪ್ಲೈನಾಗೆ ಮಾತ್ರ ಜುಗ್ಗತನ ಮಾಡ್ಬ್ಯಾಡ, ಒಳ್ಳೆ ಕಂಪ್ನಿದೇ ಆಕು. ರ‍್ಯಾಮು ಅದಿನಾರು ಜಿಬಿದು ಒಂದೇ ತುಂಡು ಬ್ಯಾಡ. ಎಂಟೆಂಟು, ಜೋಡಿ."

ಕಿರಣ್‌ಕುಮಾರ್ ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದ. ಅನಸೂಯಮ್ಮ ಅದಕ್ಕಿಂತ ಜೋರಾಗಿ ನೋಡಿದಳು.

"ಇದೆಲ್ಲ ನಿಮ್ಗ್ಯಾರು ಏಳ್ಕೊಟ್ರು?"

"ಯೂಟ್ಯೂಬು."

"ಮೂರು ತಿಂಗ್ಳಿಂದ ಕಿವೀಗೆ ವೈರ್ ಸಿಗಿಸ್ಕಂಡು ಕೂತಿದ್ದು ಇದ್ಕಾ? ನಮ್ಮನೇರು ಪ್ರವಚನ ಕೇಳ್ತಾವ್ರೆ ಅಂತ ನಾನು ಬೀದಿಗೆಲ್ಲ ಏಳ್ಕಂಡು ಬಂದೀನಲ್ರೀ!"

ಬಜೆಟ್ಟು ನಲವತ್ತೈದು ಸಾವಿರ. ಗ್ರಾಫಿಕ್ಸ್ ಕಾರ್ಡಿನ ಹತ್ತಿರ ಬರುವಷ್ಟರಲ್ಲಿ ಅದು ಬಿಗಿಯಾಯಿತು. ಕಿರಣ್‌ಕುಮಾರ್ ಕಪಾಟಿನಿಂದ ಹಳೆಯದೊಂದು ತೆಗೆದ. "ಸೆಕೆಂಡ್ ಹ್ಯಾಂಡ್ ಸಾ, ಅರ್ಧ ರೇಟು. ಸ್ವಲ್ಪ ದಿನ ಹಗ್ಲೂ ರಾತ್ರಿ ಓಡೈತೆ, ಅಷ್ಟೆಯಾ."

ಗಂಗಾಧರಯ್ಯ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. "ಕ್ಲಚ್ ಪ್ಲೇಟ್ ಸುಟ್ಟಂಗೆ ವಾಸ್ನೆ ಬತ್ತೈತೆ ಕಣಪ್ಪ. ಒಳಗಿಟ್ಕೊ. ಒಸಾದು ತೋರ್ಸು."

"ಹೊಸದು ಹದಿನಾಲ್ಕು ಸಾವ್ರ ಆಯ್ತದೆ. ಅಂದಂಗೆ, ಮೊಮ್ಮಗ್ಳು ಏನ್ ಓದ್ತಾವ್ರೆ?"

"ಬಿ.ಕಾಂ." ಎಂದಳು ಅನಸೂಯಮ್ಮ.

"ಬಿ.ಕಾಂ.ಗಾ? ಹಂಗಾದ್ರೆ ಕಾರ್ಡೇ ಬ್ಯಾಡ ಕಣಮ್ಮ! ಪ್ರೊಸೆಸರ್ ಒಳಗೇ ಇರೋ ಗ್ರಾಫಿಕ್ಸು ಧಾರಾಳ ಸಾಕು."

ನೋಡಿ, ಅಂಗಡಿಯವನಿಗೆ ಸತ್ಯ ಹೇಳುವ ಚಟ ಅವತ್ತೇ ಹತ್ತಬೇಕಿತ್ತೆ?

"ತೆಗ್ದಾಕಪ್ಪ ಅದ್ನ," ಎಂದಳು ಅನಸೂಯಮ್ಮ.

"ಇರ್ಲಿ ಬುಡೇ," ಎಂದ ಗಂಗಾಧರಯ್ಯ. "ಮುಂದಕ್ಕೆ ಬೇಕಾಯ್ತದೆ."

"ಯಾತಕ್ಕೆ?"

"ಅದೂ... ಈಗ ಲೆಕ್ಕಪತ್ರ ಎಲ್ಲ ಬಣ್ಣಬಣ್ಣವಾಗಿ ಬತ್ತವಂತೆ."

"ಅದ್ಕೆ ಕಾರ್ಡ್ ಬ್ಯಾಡ ಸಾ," ಎಂದು ಕಿರಣ್‌ಕುಮಾರ್ ಪಟ್ಟಿಯ ಮೇಲೆ ಗೀಟು ಎಳೆಯಲು ಪೆನ್ನು ಇಳಿಸಿದ.

ಆ ಕಾರ್ಡಿಲ್ಲದಿದ್ದರೆ ಆಟದ ಬಸ್ಸು ತೆವಳಿಕೊಂಡು ಹೋಗುತ್ತದೆ, ತಿರುವಿನಲ್ಲಿ ಕಲ್ಲಾಗಿ ನಿಲ್ಲುತ್ತದೆ ಎಂದು ಮೂರು ತಿಂಗಳಿಂದ ಕೇಳಿ ಕೇಳಿ ಗಂಗಾಧರಯ್ಯನಿಗೆ ಬಾಯಿಪಾಠವಾಗಿತ್ತು. ಕೈ ಚಾಚಿ ಪೆನ್ನೇ ಹಿಡಿದುಕೊಂಡುಬಿಟ್ಟ.

"ಗೀಟು ಆಕ್ಬ್ಯಾಡ ಕಣ್ಲಾ! ಓದಕ್ಕಲ್ಲ ಅದು. ನಂಗೆ. ಬಸ್ ಓಡ್ಸೋ ಗೇಮಿಗೆ."

ಅನಸೂಯಮ್ಮ ಕಂಕುಳಿನ ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

"ಮೂವತ್ತೊಂದು ವರ್ಸ ಸೊಂಟ ನೋವು ಸೊಂಟ ನೋವು ಅಂತ ನನ್ ಕೈಲಿ ಎಣ್ಣೆ ತಿಕ್ಕಿಸ್ಕಂಡ್ರಿ," ಎಂದಳು ಅನಸೂಯಮ್ಮ. "ಈಗ ಪುನಾ ಬಸ್ಸಾ?"

"ಇದ್ರಾಗೆ ಕುಲುಕಲ್ವಂತೆ ಕಣೇ."

ಆ ಮುಖ ನೋಡಿ ಕಿರಣ್‌ಕುಮಾರನಿಗೇ ಪಾಪ ಅನ್ನಿಸಿತು. "ಅಮ್ಮಾ, ನಮ್ ಡೆಮೊ ಮಿಷಿನ್ನಾಗೆ ಇದೇ ಕಾರ್ಡೈತೆ. ಒಂದ್ಸಲ ನೋಡ್ಬುಟ್ಟು ಆಮ್ಯಾಕೆ ಬೇಕೋ ಬ್ಯಾಡ್ವೋ ಹೇಳಿ," ಎಂದು ಆಟ ಹಚ್ಚಿದ.

ಪರದೆಯ ತುಂಬ ಬಸ್ಸಿನ ಮುಂಗಾಜು, ಎದುರಿಗೆ ರಸ್ತೆ, ಕನ್ನಡಿಯಲ್ಲಿ ಸೀಟು ತುಂಬ ಜನ. ಗಂಗಾಧರಯ್ಯ ಕುರ್ಚಿ ಮುಂದಕ್ಕೆಳೆದು ಕೂತ. ಕೀಬೋರ್ಡು ಮುಟ್ಟಿ ಕಣ್ಣಿಗೊತ್ತಿಕೊಂಡ. ಎಡಗನ್ನಡಿ ನೋಡಿದ, ಬಲಗನ್ನಡಿ ನೋಡಿದ. ಕೂತೇ ಇದ್ದ. ಬಸ್ಸು ನಿಂತೇ ಇತ್ತು.

"ಮೇಲಿನ ಬಾಣದ ಗುರ್ತು ಒತ್ತಿ ಸಾ, ಹೋಯ್ತದೆ."

ಅವನು ಒತ್ತಲಿಲ್ಲ.

"ಅಂಟ್ಕಂಡೈತೇನೋ," ಎಂದು ಕಿರಣ್‌ಕುಮಾರ್ ಮೌಸು ಅಲ್ಲಾಡಿಸಿದ. ಅಂಟಿಕೊಂಡಿರಲಿಲ್ಲ. ಗಂಗಾಧರಯ್ಯನ ಬೆರಳು ಬಾಣದ ಮೇಲೇ ಇತ್ತು. ಕಿವಿ ಮಾತ್ರ ಹಿಂದಕ್ಕಿತ್ತು.

ಅನಸೂಯಮ್ಮ ಗಂಡನ ಕುತ್ತಿಗೆಯನ್ನೇ ಒಂದು ಗಳಿಗೆ ನೋಡಿದಳು. ಬ್ಯಾಗನ್ನು ಕಂಕುಳಿಂದ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಅವನ ಕುರ್ಚಿಯ ಬೆನ್ನಿಗೆ ಎರಡು ಸಲ ಪಟ್ ಪಟ್ ಎಂದು ಬಡಿದಳು.

"ಎಲ್ರೂ ಬಸ್ ಅತ್ತಿದ್ದಾಯ್ತು. ರೈಟ್!"

ಬಸ್ಸು ಹೊರಟಿತು.

ಇಷ್ಟೇ. ಇದನ್ನು ನಿಮ್ಮ ನಿಮ್ಮ ಕಡೆಯವರಿಗೆಲ್ಲ ದಾಟಿಸಿ. ಗಂಗಾಧರಯ್ಯನಿಗೆ ಮಾತ್ರ ಈಗಲೇ ಕಳಿಸಬೇಡಿ, ಡ್ಯೂಟಿಯ ಮೇಲಿದ್ದಾನೆ.