ವರ್ನನ್ ಕ್ರೇಬಿಲ್‌ನ ಗುರುತು

“ಈ ಲೈಸೆನ್ಸ್ ನಡೆಯಲ್ಲ ವರ್ನನ್ ಅವ್ರೇ, ಅವಧಿ ಮುಗಿದಿದೆ,” ಎಂದಳು ಎಲ್ವಿರಾ ಮೆಹಿಯಾ.

ಅಗ್ನಿಶಾಮಕ ಠಾಣೆಯ ಮತಗಟ್ಟೆಯಲ್ಲಿ ಸಾಲು ನಿಂತಿದ್ದ ಐದಾರು ಜನ ಕತ್ತು ಚಾಚಿ ನೋಡಿದರು. ಯಾಕೆಂದರೆ ಆ ಮತಗಟ್ಟೆಯ ಮುಖ್ಯಸ್ಥನೇ ವರ್ನನ್ ಕ್ರೇಬಿಲ್. ಜನ ಕಡಿಮೆಯಿರುವಾಗಲೇ ತನ್ನ ಓಟನ್ನೂ ಹಾಕಿಬಿಡೋಣವೆಂದು ಕುರ್ಚಿ ಬಿಟ್ಟೆದ್ದು, ಮೇಜು ಸುತ್ತಿ ಬಂದು, ಎಲ್ಲರ ಹಾಗೆ, ಗುರುತಿನ ಚೀಟಿ ನೋಡುತ್ತಿದ್ದ ಎಲ್ವಿರಾಳ ಮುಂದೆ ನಿಂತಿದ್ದ. ಫೋಟೋ ಇರುವ ಗುರುತಿನ ಚೀಟಿಯಿಲ್ಲದೆ ಯಾರಿಗೂ ಓಟು ಹಾಕಲು ಬಿಡಬಾರದು ಎಂಬ ಕಾನೂನು ಬರಲೆಂದು ಎರಡು ಚಳಿಗಾಲ ದಿನಸಿ ಅಂಗಡಿಯ ಬಾಗಿಲಲ್ಲಿ ನಿಂತು ಸಹಿ ಸಂಗ್ರಹಿಸಿದ ಆಸಾಮಿ ಅವನು. ಮೂಗು ಸೋರುತ್ತಿದ್ದರೂ ಜಾಗ ಬಿಟ್ಟು ಕದಲಿರಲಿಲ್ಲ.

“ಎಲ್ಲಿ ಮುಗಿದಿದೆ? ಸರಿಯಾಗಿ ನೋಡು.”

“ಹೋದ ಗುರುವಾರಕ್ಕೇ ಮುಗೀತು. ನಿಮ್ಮ ಹುಟ್ಟುಹಬ್ಬದ ದಿನ. ಎಪ್ಪತ್ತೆರಡು ತುಂಬ್ತು, ಹೆಂಡ್ತಿ ಎರಡೆರಡು ಪೈ ಮಾಡಿದ್ಲು ಅಂತ ಬೆಳಿಗ್ಗೆ ನೀವೇ ಹೇಳ್ತಾ ಇದ್ರಲ್ಲ.”

ನಮ್ಮ ಓಹಾಯೋ ರಾಜ್ಯದಲ್ಲಿ ಡ್ರೈವಿಂಗ್ ಲೈಸೆನ್ಸು ಮುಗಿಯುವುದು ಹುಟ್ಟುಹಬ್ಬದ ದಿನವೇ. ವರ್ನನ್ ಮೇಣದಬತ್ತಿ ಊದಿದ್ದ, ಎರಡೂ ಪೈಗಳ ರುಚಿ ನೋಡಿದ್ದ, ಲೈಸೆನ್ಸನ್ನು ಮಾತ್ರ ಮರೆತೇಬಿಟ್ಟಿದ್ದ. ಎಲ್ವಿರಾ ಶಾಲೆಯ ಬಸ್ಸು ಓಡಿಸುವವಳು. ಯಾವ ಕಾಗದ ಕೈಗೆ ಬಂದರೂ ಅವಳ ಕಣ್ಣು ಮೊದಲು ಹೋಗುವುದು ತಾರೀಖಿನ ಮೇಲೆ.

“ಅಲ್ಲಮ್ಮ, ನಾನ್ಯಾರು ಅಂತ ನಿಂಗೆ ಗೊತ್ತಿಲ್ವಾ?”

“ಚೆನ್ನಾಗಿ ಗೊತ್ತು. ಆದ್ರೆ ಮುಖ ಪರಿಚಯ ಪುರಾವೆ ಅಲ್ಲ, ಹೆತ್ತ ತಾಯಿ ಬಂದು ನಿಂತ್ರೂ ಚೀಟಿ ಕೇಳು ಅಂತ ತರಬೇತೀಲಿ ಹೇಳಿಕೊಟ್ಟೋರು ಯಾರು?”

“ಪಾಠ ಚೆನ್ನಾಗೇ ಮಾಡಿದ್ದೀಯ ಬಿಡೋ,” ಎಂದು ಹಿಂದಿನಿಂದ ಡೆಲ್ಬರ್ಟ್ ಕಿಸಕ್ಕನೆ ನಕ್ಕ. ಅವನು ಮತ್ತು ವರ್ನನ್ ಒಂದನೇ ಕ್ಲಾಸಿನಿಂದ ಗೆಳೆಯರು.

ವರ್ನನ್‌ನ ಕಿವಿ ಕೆಂಪಾಯಿತು. ಅವನಿಗೆ ಈ ಓಟು ಬೇಕೇ ಬೇಕಿತ್ತು. ಷೆರಿಫ್ ಹುದ್ದೆಗೆ ನಿಂತಿದ್ದ ಅವನ ಅಭ್ಯರ್ಥಿ, ಕಳ್ಳಕಾಕರನ್ನು ಮಟ್ಟ ಹಾಕುತ್ತೇನೆಂದು ಹೇಳಿದವನು, ಹೋದ ಸಲ ಮೂರೇ ಮೂರು ಓಟಿನಿಂದ ಸೋತಿದ್ದ. ಈ ಸಲ ಅವನಿಗಾಗಿ ವರ್ನನ್ ಮನೆ ಮನೆ ಸುತ್ತಿ ಚಪ್ಪಲಿ ಸವೆಸಿದ್ದ. ಅವನು ಮೇಜಿನ ಮೇಲೆ ಬಗ್ಗಿ ದನಿ ತಗ್ಗಿಸಿದ.

“ಪ್ರತಿ ಮೇಜಿಗೂ ಎರಡೂ ಪಕ್ಷದವರು ಇರ್ಬೇಕು ಅಂತ ನಿನ್ನ ಇಲ್ಲಿ ಕೂರಿಸಿದ್ದಾರೆ. ನಮ್ಮ ಪಕ್ಷದ ಒಂದು ಓಟು ತಪ್ಪಿಸಿದೆ ಅಂತ ಖುಷಿಯಾಯ್ತಾ?”

“ನಾನು ನಿಮ್ಮ ಪಕ್ಷದ ಪಟ್ಟಿಯಿಂದಲೇ ಬಂದಿರೋದು,” ಎಂದಳು ಎಲ್ವಿರಾ. ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಾ ಕೂತಿದ್ದ ಬಿಳಿಕೂದಲಿನ ಅಜ್ಜಿ, ವರ್ನನ್‌ನ ಚರ್ಚಿನವಳೇ, “ಆ ಇನ್ನೊಂದು ಪಕ್ಷದವಳು ನಾನಪ್ಪ,” ಎಂದು ಸೂಜಿ ಎತ್ತಿ ತೋರಿಸಿದಳು.

“ಹೊಂಡುರಾಸಿಂದ ಬಂದು ಹನ್ನೊಂದು ವರ್ಷ ಸಾಲಲ್ಲಿ ನಿಂತೆ,” ಎಲ್ವಿರಾ ಮುಂದುವರಿಸಿದಳು. “ಮೂರು ಸಲ ಬೆರಳಚ್ಚು ಕೊಟ್ಟೆ. ಒಂದು ಸಲ ಫೋಟೋದಲ್ಲಿ ಎಡಗಿವಿ ಕಾಣ್ತಿಲ್ಲ ಅಂತ ಇಡೀ ಫೈಲು ವಾಪಸ್ ಬಂತು. ನಾನು ಅಷ್ಟೆಲ್ಲ ಪಾಡು ಪಟ್ಟು ಈ ದೇಶದವಳಾಗಿದ್ದೀನಿ. ನಿಯಮ ಬಿಟ್ಟು ನಡುವೆ ನುಗ್ಗೋರನ್ನ ಕಂಡ್ರೆ ನಿಮಗಿಂತ ನಂಗೇ ಜಾಸ್ತಿ ಮೈ ಉರಿಯುತ್ತೆ.”

ಅವಳ ಆ ಕೊನೆಯ ಮಾತು ವರ್ನನ್‌ನದೇ. ಪ್ರತಿ ಮಂಗಳವಾರ ಹೋಟೆಲಿನಲ್ಲಿ ಮೊಟ್ಟೆ ಬೇಕನ್ ತಿನ್ನುತ್ತಾ ಅವನು ಆಡುವ ಮಾತು.

ಅವಳು ಒಂದು ಹಳದಿ ಲಕೋಟೆ ತೆಗೆದಳು. ಅದರಲ್ಲಿ ಓಟು ಹಾಕಿ ಅಂಟಿಸಬಹುದು, ಶನಿವಾರದೊಳಗೆ ಸರಿಯಾದ ಚೀಟಿ ತೋರಿಸಿದರೆ ಎಣಿಕೆಗೆ ಸೇರುತ್ತದೆ, ಇಲ್ಲದಿದ್ದರೆ ಲಕೋಟೆಯನ್ನು ಒಡೆಯುವುದೇ ಇಲ್ಲ. ಹೊಸ ಲೈಸೆನ್ಸ್ ಕೊಡುವ ಕಚೇರಿ ಇದ್ದದ್ದು ನಗರದಲ್ಲಿ. ಮೂರು ವರ್ಷದ ಹಿಂದೆ ಅಲ್ಲಿ ಯಾರೋ ಅವನ ಟ್ರಕ್ಕಿನ ಗಾಜು ಒಡೆದು, ಸಲಕರಣೆ ಪೆಟ್ಟಿಗೆ ಬಿಟ್ಟು, ಸೀಟಿನ ಮೇಲಿದ್ದ ಸೇಬಿನ ಪೈ ಕದ್ದೊಯ್ದಿದ್ದರು. ಅಂದಿನಿಂದ ಆ ದಿಕ್ಕಿಗೆ ತಲೆ ಹಾಕಿಯೂ ಮಲಗುವುದಿಲ್ಲವೆಂದು ಅವನು ಶಪಥ ಮಾಡಿದ್ದ.

“ನಾಳೆ ಮಕ್ಕಳನ್ನ ಇಳಿಸಿ ನಾನೇ ಕರ್ಕೊಂಡು ಹೋಗ್ತೀನಿ,” ಎಂದಳು ಎಲ್ವಿರಾ. “ಅವಧಿ ಮುಗಿದ ಲೈಸೆನ್ಸಲ್ಲಿ ಗಾಡಿ ಓಡಿಸೋದೂ ಅಪರಾಧವೇ. ಅಂದ ಹಾಗೆ, ಬೆಳಿಗ್ಗೆ ನೀವು ಬಂದಿದ್ದು ಹೇಗೆ?”

ಕಿಟಕಿಯ ಆಚೆ ವರ್ನನ್‌ನ ನೀಲಿ ಟ್ರಕ್ಕು ಎಲ್ಲರಿಗೂ ಕಾಣುವ ಹಾಗೆ ನಿಂತಿತ್ತು.

“ಊರಲ್ಲಿ ಅಪರಾಧ ಜಾಸ್ತಿ ಆಗ್ತಿದೆ ಅಂತ ನೀನು ಹೇಳ್ತಿದ್ದದ್ದು ನಿಜ ಕಣೋ,” ಎಂದ ಡೆಲ್ಬರ್ಟ್. ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಧಾರಿಸಿಕೊಂಡ ಮೇಲೆ ಯಾರೋ, “ಪಾಪ, ಹೋಗ್ಲಿ ಬಿಟ್ಟುಬಿಡಮ್ಮ, ಅವನನ್ನ ನಾವೆಲ್ಲ ಬಲ್ಲೆವು,” ಎಂದರು.

“ಸುಮ್ನಿರಿ,” ವರ್ನನ್ ಗದರಿದ. “ಕಾನೂನು ಅಂದ್ರೆ ಕಾನೂನು. ಅವಳು ಹೇಳಿದ್ದೇ ಸರಿ.” ಲಕೋಟೆಯನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಹೋಗಿ, ಓಟು ಹಾಕಿ, ನಾಲಿಗೆಯಿಂದ ಅಂಟು ಒದ್ದೆ ಮಾಡಿ ಮುಚ್ಚಿ, ಎಲ್ವಿರಾಳ ಕೈಗೆ ಕೊಟ್ಟ. ಆಮೇಲೆ ಮೇಜು ಸುತ್ತಿ ಬಂದು ತನ್ನ ಕುರ್ಚಿಯಲ್ಲಿ ಕೂತು ಕೋಟು ಸರಿಮಾಡಿಕೊಂಡ.

ಡೆಲ್ಬರ್ಟ್ ಮುಂದೆ ಬಂದು ಜೇಬು ತಡಕಿದ. “ಪರ್ಸು ಕಾರಲ್ಲೇ ಉಳೀತು ಕಣೋ. ಮಂಡಿ ನೋವು, ಮತ್ತೆ ಅಷ್ಟು ದೂರ ಓಡಾಡಿಸಬೇಡ. ನಾನ್ಯಾರು ಅಂತ ನಿಂಗೆ ಗೊತ್ತೇ ಇದೆಯಲ್ಲ.”

“ನಾನ್ಯಾರು ಅಂತಲೇ ತೀರ್ಮಾನ ಆಗೋದು ಶನಿವಾರ,” ಎಂದ ವರ್ನನ್. “ನಿನ್ನ ವಿಷಯ ನಾನು ಹೇಗಯ್ಯ ಹೇಳ್ಲಿ? ಹೋಗಿ ತಗೊಂಡು ಬಾ.”