ವಾರದ ಎಂಟನೆಯ ದಿನ

ಎಲ್ಲೋ ಯಾರೋ ಅರ್ಥಶಾಸ್ತ್ರಜ್ಞರೊಬ್ಬರ ಪ್ರಬಂಧವನ್ನು ಉಲ್ಲೇಖಿಸಿದರೆ ಸಾಕು, ಅದನ್ನು ಬರೆದವರ ಕೋಣೆಯ ಗಂಟೆ ತಾನಾಗಿ ಬಡಿದು, ಉಲ್ಲೇಖದ ಸಾಲಿದ್ದ ಚೀಟಿಯೊಂದು ಕೆಳಗೆ ಬೀಳುತ್ತಿತ್ತು. ಹೆಚ್ಚು ಗಂಟೆ ಬಡಿದ ವಿಶ್ವವಿದ್ಯಾಲಯವೇ ದೊಡ್ಡದು. ಅರ್ಥಶಾಸ್ತ್ರ ವಿಭಾಗದ ಸುಲೋಚನಾ ಹೊಸಕೇರಿಯವರ ಗಂಟೆ ಮಾತ್ರ ಹದಿನೇಳು ವರ್ಷಗಳಿಂದ ಜೇಡರ ಬಲೆ ಕಟ್ಟಿಸಿಕೊಂಡು ಸುಮ್ಮನೆ ತೂಗುತ್ತಿತ್ತು.

ಸಂತೆಗಳ ಕುರಿತ ತಮ್ಮ ಪ್ರಬಂಧದಲ್ಲಿ ಅವರು ಬೇಕೆಂದೇ ಒಂದು ತಪ್ಪು ಬಿಟ್ಟಿದ್ದರು: 'ಇಲ್ಲಿ ವಾರದ ಎಂಟೂ ದಿನ ಸಂತೆ ಕೂಡುತ್ತದೆ.' ಓದಿದವರು ಜಗಳಕ್ಕಾದರೂ ಬಂದಾರು ಎಂಬ ಆಸೆ. ಯಾರೂ ಬರಲಿಲ್ಲ.

ಆ ಮಧ್ಯಾಹ್ನ ಗಂಟೆ ಬಡಿಯಿತು. ಸುಲೋಚನಾ ಅವರ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು. ವಿಭಾಗದ ಮುಖ್ಯಸ್ಥ ಮಠಪತಿ ಪೇಡೆಯ ಡಬ್ಬಿ ಹಿಡಿದು ಓಡಿಬಂದರು.

"ಬಾಯಿ ಸಿಹಿ ಮಾಡ್ಕೊಳ್ರಿ ಮೇಡಂ! ನಿಮ್ಮಿಂದ ನಮ್ಮ ಯೂನಿವರ್ಸಿಟಿ ಒಂದು ಸ್ಥಾನ ಮ್ಯಾಲ ಬಂತ್ರೀ."

"ತಪ್ಪು ಹಿಡದಾರೇನ್ರಿ ಸರ್?" ಸುಲೋಚನಾ ಆಸೆಯಿಂದ ಕೇಳಿದರು.

"ತಪ್ಪಾ? ಛೇ ಛೇ, ಹೊಗಳ್ಯಾರ್ರೀ!"

ಗಂಟೆಯ ಕೆಳಗೆ ಬಂದು ಬಿದ್ದಿದ್ದ ಚೀಟಿಯನ್ನು ಮಠಪತಿ ಎತ್ತಿಕೊಂಡು ಗಟ್ಟಿಯಾಗಿ ಓದಿದರು: "ಹೊಸಕೇರಿಯವರು ಖಚಿತವಾಗಿ ತೋರಿಸಿಕೊಟ್ಟಂತೆ, ಅಲ್ಲಿ ವಾರದ ಎಂಟೂ ದಿನ ಸಂತೆ ಕೂಡುತ್ತದೆ."

ಸುಲೋಚನಾ ಅವರ ಮುಖವನ್ನೇ ನೋಡಿದರು.

"ಎಷ್ಟ್ ಛಲೋ ಬರದೀರಿ ಮೇಡಂ," ಎಂದ ಮಠಪತಿ ಇನ್ನೊಂದು ಪೇಡೆ ಅವರ ಕೈಗಿಟ್ಟು, ಬಾಗಿಲು ಎಳೆದುಕೊಂಡು ಹೋದರು.