ಹದಿನೇಳನೆಯ ಜಾಗ

ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕಾವಲು ಕ್ಯಾಮೆರಾದ್ದು. ಕಾರು ನಿಂತ ಜಾಗ ಪರದೆಯಲ್ಲಿ ಕೆಂಪು, ಖಾಲಿಯಾದರೆ ಹಸಿರು. ಹದಿನೇಳನೆಯದು ಒಂಬತ್ತು ದಿನದಿಂದ ಕೆಂಪಾಗಿಯೇ ಇತ್ತು. "ಕಾರು ಎತ್ತಿಸಬೇಕೇ?" ಎಂದು ಕಂಪ್ಯೂಟರು ದಿನಾ ಕೇಳುತ್ತಿತ್ತು; ಪರದೆ ಕಾಯುವ ಮಾದೇಶ ದಿನಾ "ಬೇಡ" ಒತ್ತುತ್ತಿದ್ದ.

ಎದೆನೋವಿನಲ್ಲೂ ತಾವೇ ಓಡಿಸಿಕೊಂಡು ಬಂದ ಆ ಕಾರಿನ ಯಜಮಾನರು ಐಸಿಯುಗೆ ಹೋಗುವಾಗ ಹೆಂಡತಿಗೆ ಹೇಳಿದ್ದರಂತೆ: "ಕಾರು ಯಾರಿಗೂ ಕೊಡಬೇಡ. ನಾನೇ ಬಂದು ತೆಗೀತೀನಿ." ಆಕೆಯೇ ಮಾದೇಶನಿಗೆ ಕೈಮುಗಿದು, ತಮ್ಮ ಫೋನ್ ನಂಬರ್ ಕೊಟ್ಟು ಹೋಗಿದ್ದರು.

ಹತ್ತನೆಯ ದಿನ ಊಟ ಮುಗಿಸಿ ಬಂದು ನೋಡಿದರೆ ಹದಿನೇಳು ಹಸಿರು! ಮಾದೇಶನಿಗೆ ತನ್ನ ಮನೆಯವರೇ ಹುಷಾರಾದಷ್ಟು ಖುಷಿ. ಫೋನ್ ಮಾಡಿದ.

"ಅಮ್ಮಾ, ಅಂತೂ ಯಜಮಾನರು ಕಾರು ತೆಗೆದೇಬಿಟ್ರಲ್ಲ!"

"ಓಡಿಸ್ತಿರೋದು ನನ್ನ ತಮ್ಮ ಕಣಪ್ಪ. ಅವರನ್ನ ನಮ್ಮ ಮುಂದೆ ಹೋಗ್ತಿರೋ ವ್ಯಾನಲ್ಲಿ ಹಾರ ಹಾಕಿ ಮಲಗಿಸಿದಾರೆ."